ಒಪ್ಪುವುದಿಲ್ಲ ಎನ್ನುವ ಪರೀಕ್ಷೆ

ಕೂತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಹುಟ್ಟುಗುಣ. ಕಾಲು ಕುಣಿಸಿದರೆ ಮನೆಗೆ ದರಿದ್ರ ಎಂದು ಮೊದಲು ಅಜ್ಜಿ ಹೇಳುತ್ತಿದ್ದಳು, ಆಮೇಲೆ ಅಮ್ಮ ಹೇಳಿದಳು, ಮದುವೆಯಾದ ಮೇಲೆ ಆ ಖಾತೆಯನ್ನು ನನ್ನ ಹೆಂಡತಿ ವಿಶಾಲ ವಹಿಸಿಕೊಂಡಳು. ಹೇಳಿಕೊಳ್ಳುವಂಥ ದರಿದ್ರವೇನೂ ಬರಲಿಲ್ಲ. ಹಾಗಂತ ಲಕ್ಷ್ಮಿಯೂ ಬಂದು ಕೂರಲಿಲ್ಲ. ಬಂದವಳು ಬಾಗಿಲಲ್ಲೇ ನನ್ನ ಕಾಲು ನೋಡಿ, ಈ ಮನೆಯಲ್ಲಿ ನೆಮ್ಮದಿಯಾಗಿ ಕೂರಲಾಗದು ಎಂದು ಹಿಂದಿರುಗಿರಬೇಕು. ಸಿನಿಮಾ ಮಂದಿರದಲ್ಲಿ ನನ್ನ ಸಾಲಿನ ಕುರ್ಚಿಗಳೆಲ್ಲ ನಡುಗುತ್ತವೆ. ಸಂಗೀತ ಕಚೇರಿಯಲ್ಲಿ ಪಕ್ಕದವರು ನಾನು ತಾಳ ಹಾಕುತ್ತಿದ್ದೇನೆಂದು ತಿಳಿದು ಗೌರವದಿಂದ ನೋಡುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ತಾಳ ತಪ್ಪುತ್ತಿದೆಯೆಂದು ಬೇರೆ ರೀತಿ ನೋಡುತ್ತಾರೆ. ಇಂಥ ಕಾಲು, ನಾನು ಎಚ್ಚರವಿದ್ದಾಗ, ಒಂದೇ ಒಂದು ಸಲ ತಾನಾಗಿ ನಿಂತದ್ದುಂಟು. ಅದು ನಿಂತದ್ದು ಒಂದು ಇಂಗ್ಲಿಷ್ ಪರೀಕ್ಷೆಯ ಕೋಣೆಯಲ್ಲಿ.

ನಾನು ಇಂಗ್ಲಿಷ್ ಮೇಷ್ಟ್ರು. ಹಗಲು ಕಾಲೇಜಿನಲ್ಲಿ ಹೊಟ್ಟೆಪಾಡಿಗೆ, ಸಂಜೆ ಲಕ್ಷ್ಮೀಪುರದ ಒಂದು ಹಳೇ ಮನೆಯ ಮಹಡಿಯಲ್ಲಿ ನನ್ನ ಸಂತೋಷಕ್ಕೆ. ಆ ಮಹಡಿಯ ಟ್ಯುಟೋರಿಯಲ್ಲು ವೀರಭದ್ರಪ್ಪನವರದು. ಅವರ ತಂದೆಯ ಕಾಲದಲ್ಲಿ ಕೆಳಗಡೆ ಬೆಲ್ಲದ ಮಂಡಿ ಇತ್ತಂತೆ. ಮಗ ಬೆಲ್ಲ ಬಿಟ್ಟು ಇಂಗ್ಲಿಷ್ ಹಿಡಿದರು. ಮಳೆಗಾಲದಲ್ಲಿ ಈಗಲೂ ಮೆಟ್ಟಿಲ ಬಳಿ ಬೆಲ್ಲದ ವಾಸನೆ ಏಳುತ್ತದೆ, ಇರುವೆಗಳೂ ಹಳೇ ವಿಳಾಸ ಹುಡುಕಿಕೊಂಡು ಬರುತ್ತವೆ. ಅಲ್ಲಿ ನಾನು ಹೇಳಿಕೊಡುತ್ತಿದ್ದುದು ಸಮುದ್ರದಾಚೆಯ ಒಂದು ಸಂಸ್ಥೆ ನಡೆಸುವ, ತೀರ ಮೇಲ್ಮಟ್ಟದ ಇಂಗ್ಲಿಷ್ ಪರೀಕ್ಷೆಗೆ. ಆ ಪರೀಕ್ಷೆಯನ್ನು ತೊಂಬತ್ತರ ದಶಕದ ಆರಂಭದಲ್ಲಿ ನಾನೂ ಪಾಸು ಮಾಡಿದ್ದೆ. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ತರಗತಿಯ ಗೋಡೆಯ ಮೇಲೆ ಸರಸ್ವತಿಯ ಪಟದ ಪಕ್ಕದಲ್ಲೇ ತೂಗುಹಾಕಿದ್ದೆ. ಗುರುವಾರ ಸರಸ್ವತಿಗೆ ಹೂವು ಮುಡಿಸುವ ಆಯಾ ಒಂದೆಸಳನ್ನು ಅದಕ್ಕೂ ಸಿಕ್ಕಿಸುತ್ತಿದ್ದಳು.

ಹಳೇ ಪರೀಕ್ಷೆ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಒಬ್ಬ ಪರೀಕ್ಷಕರು, ಎದುರಿಗೆ ಒಬ್ಬ ಅಭ್ಯರ್ಥಿ. ಅವರು ಕೇಳುವುದು, ನಾವು ಹೇಳುವುದು. ಮೊದಲಿಗೆ ಒಂದು ಗದ್ಯಭಾಗವನ್ನು ಗಟ್ಟಿಯಾಗಿ ಓದಬೇಕು. ಗಟ್ಟಿಯಾಗಿ ಓದುವುದೆಂದರೆ ನನಗೆ ಪ್ರಾಣ. ನಮ್ಮ ತಾತ ಓದುತ್ತಿದ್ದ ಗಮಕದ ಧಾಟಿಯನ್ನು ಕದ್ದು ಇಂಗ್ಲಿಷಿಗೆ ಹಚ್ಚಿ, ಅಲ್ಪವಿರಾಮಕ್ಕೆ ಇಷ್ಟು, ಪೂರ್ಣವಿರಾಮಕ್ಕೆ ಇಷ್ಟು ಎಂದು ಉಸಿರು ಅಳೆದು ಓದುವುದನ್ನು ಹುಡುಗರಿಗೆ ಕಲಿಸಿದ್ದೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲಕ್ಕೆ ಸುದ್ದಿ ಬಂತು: ಪರೀಕ್ಷೆ ಬದಲಾಗಿದೆ. ವೀರಭದ್ರಪ್ಪನವರು ಬ್ರೌಸಿಂಗ್ ಸೆಂಟರಿನಿಂದ ಮುದ್ರಿಸಿ ತಂದ ಹಾಳೆಗಳಲ್ಲಿ 'ಅಪ್‌ಡೇಟ್' ಎಂಬ ಪದ ಸಾಲುಸಾಲಿಗೂ ಇತ್ತು. ಬದಲಾಗುವುದಕ್ಕೆ ನಾನೇನೂ ವಿರೋಧಿಯಲ್ಲ. ಪಂಚಾಂಗ ವರ್ಷವರ್ಷವೂ ಬದಲಾಗುತ್ತದೆ. ಆದರೆ ಪಂಚಾಂಗ ಬದಲಾದರೆ ಹಳೇ ಮುಹೂರ್ತದಲ್ಲಿ ಆದ ಮದುವೆ ರದ್ದಾಗುವುದಿಲ್ಲ. ಇಲ್ಲಿ ಹಾಗಲ್ಲ. ಗಟ್ಟಿಯಾಗಿ ಓದುವ ಭಾಗವನ್ನು ಕಿತ್ತುಹಾಕಿದ್ದರು. ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವ ಪದ್ಧತಿ ಹೋಗಿತ್ತು. ಇನ್ನು ಮುಂದೆ ಇಬ್ಬರು ಅಭ್ಯರ್ಥಿಗಳು ಒಟ್ಟಿಗೆ ಕೂರಬೇಕು. ಪರೀಕ್ಷಕರು ಚಿತ್ರಗಳನ್ನು ಕೊಟ್ಟು ಸುಮ್ಮನಾಗುತ್ತಾರೆ. ಇಬ್ಬರೂ ತಮ್ಮತಮ್ಮಲ್ಲೇ ಚರ್ಚಿಸಿ, ಒಬ್ಬರನ್ನೊಬ್ಬರು ಪ್ರಶ್ನಿಸಿ, ಒಪ್ಪದಿದ್ದರೆ ಒಪ್ಪುವುದಿಲ್ಲವೆಂದು ಹೇಳಿ, ಕೊನೆಗೆ ಒಂದು ತೀರ್ಮಾನಕ್ಕೆ ಬರಬೇಕು. ಬರೇ ಹೂಂಗುಟ್ಟಿದರೆ ನಂಬರು ಇಲ್ಲ.

ಕೊನೆಯ ಹಾಳೆಯಲ್ಲಿ ನನ್ನ ಎದೆಗೇ ಗುರಿಯಿಟ್ಟಂಥ ಒಂದು ಸಾಲು ಇತ್ತು. ಹೊಸ ಪರೀಕ್ಷೆಗೆ ಪಾಠ ಹೇಳುವವರು ಹೊಸ ಪರೀಕ್ಷೆಯನ್ನೇ ಪಾಸು ಮಾಡಿರಬೇಕು. ಸರಸ್ವತಿಯ ಪಕ್ಕದಲ್ಲಿದ್ದದ್ದು ಒಂದೇ ಸಂಜೆಗೆ ಬರೀ ಕಟ್ಟು ಹಾಕಿದ ಕಾಗದವಾಯಿತು. ನಾನು ಪಾಸಾಗದಿದ್ದರೆ ನನ್ನ ತರಗತಿ ಬೇರೆಯವರಿಗೆ. ಸಂಬಳದ ಮಾತಲ್ಲ, ಸಂಜೆ ಆರು ಗಂಟೆಗೆ ಆ ಮಹಡಿ ಹತ್ತುವುದು ತಪ್ಪಿದರೆ ನಾನು ಯಾರು ಎಂಬುದೇ ನನಗೆ ತಿಳಿಯುವಂತಿರಲಿಲ್ಲ. ಪಾಸಾಗದಿದ್ದರೂ ಹೇಗೋ ಮುಂದುವರಿಸಲು ಆಗುವುದಿಲ್ಲವೇ ಎಂದು ವೀರಭದ್ರಪ್ಪನವರನ್ನು ಸುತ್ತಿಬಳಸಿ ಕೇಳಿದೆ. ಅವರು ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡು, "ನೋಡೋಣ ಬಿಡಿ ಮೇಷ್ಟ್ರೇ" ಎಂದರು.

ಮೈಸೂರಿನ ಹೊರಗಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಊರಿನಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ನೋಡೋಣ ಎಂದರೆ ಇಲ್ಲ. ಮಾಡೋಣಂತೆ ಎಂದರೆ ಖಂಡಿತ ಇಲ್ಲ. ನಾಳೆ ಬನ್ನಿ, ಕಾಫಿ ಕುಡಿಯುತ್ತಾ ಮಾತಾಡೋಣ ಎಂದರೆ ಆ ವಿಷಯವನ್ನು ಮತ್ತೆ ಎತ್ತಬೇಡಿ ಎಂದು ಅರ್ಥ. ಮೊದಲು ನೀವು, ಮೊದಲು ನೀವು ಎಂದುಕೊಂಡು ರೈಲು ತಪ್ಪಿಸಿಕೊಂಡರೆಂದು ಲಖನೌದವರ ಮೇಲೆ ಕಥೆ ಕಟ್ಟಿದ್ದಾರೆ. ನಮ್ಮ ಮೇಲೆ ಯಾರೂ ಕಟ್ಟಲಿಲ್ಲ, ಯಾಕೆಂದರೆ ಕಥೆ ಕಟ್ಟುವ ಅವಕಾಶವನ್ನೂ ನಾವು ಇನ್ನೊಬ್ಬರಿಗೆ ಬಿಟ್ಟುಕೊಟ್ಟೆವು. ಇಂಥ ಊರಿನವರನ್ನು ಎದುರುಬದುರು ಕೂರಿಸಿ ಬಾಯಿಬಿಟ್ಟು ವಿರೋಧಿಸಿ ಎಂದರೆ ಹೇಗೆ?

ಜೊತೆಗಾರರನ್ನು ನಾವೇ ಆರಿಸಿಕೊಳ್ಳುವ ಅನುಕೂಲವೊಂದಿತ್ತು. ನಾನು ಭಾಗ್ಯಳನ್ನು ಕೇಳಿದೆ. ಭಾಗ್ಯ ನನ್ನ ಹಳೇ ವಿದ್ಯಾರ್ಥಿನಿ, ಬೋಗಾದಿಯ ಒಕ್ಕಲು ಮನೆತನದವಳು, ನಮ್ಮ ಮನೆಗೂ ಬಂದುಹೋದವಳು, ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಈ ಪರೀಕ್ಷೆ ಪಾಸಾದರೆ ಹೈಸ್ಕೂಲಿನ ತರಗತಿ ಕೊಡುತ್ತೇವೆಂದು ಶಾಲೆಯವರು ಹೇಳಿದ್ದರು. ಮೂರು ವರ್ಷ ನನ್ನ ತರಗತಿಯ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತವಳು; ನಾನು ಹೇಳಿದ್ದನ್ನೆಲ್ಲ ಬರೆದುಕೊಂಡವಳು; ಒಂದು ದಿನವೂ ಎದುರು ಪ್ರಶ್ನೆ ಕೇಳಿದವಳಲ್ಲ. ಆಗ ಅದನ್ನು ನಾನು ನನ್ನ ಪಾಠದ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ಅಭ್ಯಾಸ ಶುರುವಾಯಿತು. ಮೊದಲ ದಿನ ನಾನು ಎರಡು ಚಿತ್ರ ಇಟ್ಟು, ಮಕ್ಕಳಿಗೆ ಆಟಕ್ಕಿಂತ ಓದೇ ಮುಖ್ಯ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಭಾಗ್ಯ, ಹೌದು ಸಾರ್, ಎಂದಳು. ಹಾಗಲ್ಲಮ್ಮ, ನೀನು ಒಪ್ಪಬಾರದು ಎಂದೆ. ಅದಕ್ಕೂ ಹೌದು ಸಾರ್ ಎಂದಳು. ನಾನು ಮಾತು ತಿರುಗಿಸಿ, ಮಕ್ಕಳಿಗೆ ಆಟವೇ ಮುಖ್ಯ, ಓದು ದಂಡ ಎಂದೆ. ಒಬ್ಬ ಶಾಲಾ ಶಿಕ್ಷಕಿ ಇದಕ್ಕಾದರೂ ಸಿಡಿಯಬೇಕಲ್ಲ. ಅವಳು ಸ್ವಲ್ಪ ಯೋಚಿಸಿ, ನೀವು ಹೇಳೋದೂ ಸರಿಯೇ ಸಾರ್, ಎಂದಳು. ನನ್ನ ಕಾಲು ಮೇಜನ್ನೇ ಅಲ್ಲಾಡಿಸತೊಡಗಿತು. ಕೊನೆಗೆ ಮೇಷ್ಟ್ರ ದನಿಯಲ್ಲೇ ಅಪ್ಪಣೆ ಮಾಡಿದೆ: ನಾಳೆಯಿಂದ ನಾನು ಏನು ಹೇಳಿದರೂ ನೀನು ವಿರೋಧಿಸಲೇಬೇಕು.

"ಆಗ್ಲಿ ಸಾರ್, ನೀವು ಹೇಳಿದ್ ಮೇಲೆ ವಿರೋಧಿಸ್ತೀನಿ" ಎಂದಳು ಭಾಗ್ಯ.

ಇದಕ್ಕಿಂತ ವಿಧೇಯವಾದ ವಿರೋಧವನ್ನು ನಾನು ಕಂಡಿಲ್ಲ. ಮರುದಿನದಿಂದ ಅವಳು ಪ್ರತಿ ಮಾತಿಗೂ ನಾನು ಕಲಿಸಿದ ವಾಕ್ಯವನ್ನೇ ನಾನು ಕಲಿಸಿದ ಉಚ್ಚಾರದಲ್ಲೇ ಒಪ್ಪಿಸಿ, ಸರಿಯಾಯಿತಾ ಎಂದು ನನ್ನ ಮುಖ ನೋಡುತ್ತಿದ್ದಳು. ನನ್ನ ಕತೆಯೂ ಅಷ್ಟಕ್ಕಷ್ಟೆ. ಅವಳು ಬಾಯಿ ತೆರೆದರೆ ನಾನು ವಾಕ್ಯ ತಿದ್ದುತ್ತಿದ್ದೆ, ತಡವರಿಸಿದರೆ ಪದ ಎತ್ತಿಕೊಡುತ್ತಿದ್ದೆ. ಒಟ್ಟಿನಲ್ಲಿ ಇಬ್ಬರು ಅಭ್ಯರ್ಥಿಗಳು ಇರಬೇಕಾದ ಕಡೆ ಒಬ್ಬ ಮೇಷ್ಟ್ರೂ ಒಬ್ಬ ಶಿಷ್ಯೆಯೂ ಕೂತಿದ್ದೆವು. ಹೀಗೇ ಹೋದರೆ ಇಬ್ಬರೂ ಜೋಡಿಯಾಗಿ ನಪಾಸು ಎನ್ನುವುದು ನನಗೆ ಸ್ಪಷ್ಟವಾಗಿತ್ತು.

ನಿದ್ದೆ ಕೆಟ್ಟಿತು. ಊಟಕ್ಕೆ ಕೂತರೆ ಏಳುವುದು, ಎದ್ದರೆ ಯಾಕೆ ಎದ್ದೆನೆಂದು ಮರೆಯುವುದು, ಸ್ಕೂಟರ್ ಒದೆಯುವಾಗ ಇಂಗ್ಲಿಷಿನಲ್ಲಿ ನನ್ನನ್ನು ನಾನೇ ಖಂಡಿಸುವುದು. ಮನಸ್ಸು ಕದಡಿದಾಗ ನಾನು ಶಾಸ್ತ್ರದ ಮೊರೆ ಹೋಗುತ್ತೇನೆ; ಅದರಿಂದ ಪರಿಹಾರ ಸಿಗುವುದಿಲ್ಲ, ಹೊತ್ತು ಹೋಗುತ್ತದೆ. ನಮ್ಮ ತಾರ್ಕಿಕರು ವಾಗ್ವಾದದಲ್ಲಿ ಮೂರು ಬಗೆ ಮಾಡಿದ್ದಾರೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನೂ ಪಕ್ಷವಿಲ್ಲದೆ ಎದುರಿನವನದನ್ನು ಬರೀ ಒಡೆಯುವುದು ವಿತಂಡ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಮೊದಲು ತಾನೇ ಹೇಳಿ, ಆಮೇಲೆ ಖಂಡಿಸಬೇಕೆಂಬ ಪೂರ್ವಪಕ್ಷದ ನಿಯಮ ಬೇರೆ. ಇಷ್ಟೆಲ್ಲ ಪಿತ್ರಾರ್ಜಿತ ಇಟ್ಟುಕೊಂಡವರು ನಾವು ಎರಡು ಚಿತ್ರದ ಮುಂದೆ ಹೌದು ಸಾರ್ ಎನ್ನುತ್ತಾ ಕೂರುವುದೇ? ಇದನ್ನು ವಿಶಾಲಳಿಗೆ ವಿವರಿಸಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, ಶಾಸ್ತ್ರ ಹಾಗಿರಲಿ, ಅಡಿಗೆಮನೆ ಮೂಲೆ ಮತ್ತೆ ಕುಸಿದಿದೆ, ಅದನ್ನು ನೋಡಿ ಎಂದಳು.

ಆ ಮೂಲೆಯದೊಂದು ದೊಡ್ಡ ಕತೆ. ಬಾಡಿಗೆ ಮನೆಗಳಲ್ಲಿ ಸುಸ್ತಾಗಿ, ತೊಂಬತ್ತರ ದಶಕದ ನಡುವಿನಲ್ಲಿ ಬೋಗಾದಿಗೆ ತಾಗಿದ ಹೊಸ ಬಡಾವಣೆಯಲ್ಲಿ ನಾವೊಂದು ಮನೆ ಕಟ್ಟಿಸಿದ್ದೆವು. ಗೃಹಪ್ರವೇಶವಾದಾಗಿನಿಂದ ಅಡಿಗೆಮನೆಯ ಒಂದು ಮೂಲೆಯ ನೆಲ ಇಳಿಯುತ್ತಲೇ ಇತ್ತು. ಕಲ್ಲು ಕಿತ್ತು, ಮಣ್ಣು ತುಂಬಿ, ಮತ್ತೆ ಹಾಸಿದರೆ ಮುಂದಿನ ಮಳೆಗೆ ಮತ್ತೆ ಇಳಿಯುತ್ತಿತ್ತು. ನಾನು ಗಾರೆಯವನನ್ನು ಬೈದುಕೊಳ್ಳುತ್ತಿದ್ದೆ. ವಿಶಾಲ ಮಾತ್ರ, "ಗಾರೆಯವನದಲ್ಲ ಕಣ್ರೀ, ಇದರ ಕೆಳಗೆ ಏನೋ ಇದೆ" ಎನ್ನುತ್ತಿದ್ದಳು. ಏನಿರುತ್ತದೆ ಮಣ್ಣು, ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ ಎಂದು ನಾನು ಅವಳ ಬಾಯಿ ಮುಚ್ಚಿಸುತ್ತಿದ್ದೆ. ಅವಳದು ಅಪ್ಪಟ ವಿತಂಡ ಎಂದು ನನ್ನ ವರ್ಗೀಕರಣ.

'ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ.' ಈ ವಾಕ್ಯವನ್ನು ಮೈಸೂರಿನ ಯಾವ ಬಡಾವಣೆಗೆ ಹೋದರೂ ಕೇಳುತ್ತೀರಿ. ಮೊದಲು ಮನೆ ಕಟ್ಟಿದವರು ಆಮೇಲೆ ಕಟ್ಟಿದವರಿಗೆ, ಆಮೇಲೆ ಕಟ್ಟಿದವರು ಬಾಡಿಗೆಗೆ ಬಂದವರಿಗೆ ಇದನ್ನು ಹೇಳುತ್ತಾರೆ. ಬಸ್ಸಿರಲಿಲ್ಲ, ದೀಪವಿರಲಿಲ್ಲ, ಹಾಲಿಗೆ ಅಷ್ಟು ದೂರ, ಹಾವು ಬೇರೆ. ಕಾಡು ಕಡಿದು ನಾಡು ಮಾಡಿದ ರಾಜವಂಶದ ಗತ್ತು ಆಗ ದನಿಗೆ ಬರುತ್ತದೆ. ನನಗಂತೂ ಅದು ಎಷ್ಟು ಪ್ರಿಯವೆಂದರೆ, ಭೂತಕಾಲದ ಪಾಠಕ್ಕೆ ಪ್ರತಿ ವರ್ಷ ಅದೇ ನನ್ನ ಉದಾಹರಣೆ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ಹಾವಿನ ಕತೆಯನ್ನೂ ಸೇರಿಸಿ, ಹುಡುಗರಿಂದ ಒಟ್ಟಾಗಿ ಹೇಳಿಸುತ್ತಿದ್ದೆ. ಭಾಗ್ಯ ಮೂರು ವರ್ಷವೂ ಹೇಳಿದ್ದಾಳೆ.

ಪರೀಕ್ಷೆಯ ದಿನ ಬಂತು. ಪರೀಕ್ಷಕಿ ಹೊರ ಊರಿನವರು, ಮೃದು ದನಿಯ ಹೆಂಗಸು. ಮೂಲೆಯಲ್ಲಿ ಇನ್ನೊಬ್ಬರು, ಮಾತಾಡದೆ ನಂಬರು ಹಾಕುವವರು. ಚಿತ್ರಗಳನ್ನು ಹರಡಿದರು: ಗ್ರಂಥಾಲಯ, ಉದ್ಯಾನ, ಆಸ್ಪತ್ರೆ, ಅಂಗಡಿ ಸಾಲು, ಆಟದ ಬಯಲು. ಬೆಳೆಯುತ್ತಿರುವ ಒಂದು ಊರಿನ ಅಂಚಿನಲ್ಲಿ ಖಾಲಿ ಜಾಗವಿದೆ, ಅಲ್ಲಿ ಯಾವುದು ಬರಬೇಕು, ಮಾತಾಡಿ ತೀರ್ಮಾನಿಸಿ ಎಂದರು.

ನಾನು ಒಂದು ಉಪಾಯ ಮಾಡಿಕೊಂಡು ಹೋಗಿದ್ದೆ. ನಾನು ಮೊದಲು ಮಾತಾಡಿದರೆ ಭಾಗ್ಯ ಒಪ್ಪಿಬಿಡುತ್ತಾಳೆ. ಆದ್ದರಿಂದ ಅವಳಿಂದಲೇ ಶುರು ಮಾಡಿಸಬೇಕು. ನೀನು ಮೊದಲು ಹೇಳು ಎಂದೆ, ಇಂಗ್ಲಿಷಿನಲ್ಲಿ. ಪಂಕ್ತಿಯಲ್ಲಿ ಹಿರಿಯರು ಎಲೆಗೆ ಕೈ ಇಡುವ ಮುಂಚೆ ತುತ್ತು ಎತ್ತುವವರಿದ್ದಾರೆಯೇ? ಇಲ್ಲ ಸಾರ್, ನೀವು ಮೊದಲು ಎಂದಳು. ಇಲ್ಲ, ನೀನು. ದಯವಿಟ್ಟು ನೀವು ಸಾರ್. ಪರೀಕ್ಷಕಿ ಗಡಿಯಾರ ನೋಡಿದರು. ಮೂಲೆಯವರ ಪೆನ್ನು ಗಾಳಿಯಲ್ಲೇ ನಿಂತಿತ್ತು. ನನ್ನ ಕಾಲು ಕೆಳಗೆ ಕುಣಿದು ಕುಣಿದು ಮೇಜಿನ ಮೇಲಿನ ಆಸ್ಪತ್ರೆಯ ಚಿತ್ರ ಗ್ರಂಥಾಲಯದ ಕಡೆಗೆ ಸರಿಯತೊಡಗಿತು. ತರಗತಿ ಕೈಬಿಟ್ಟಂತೆಯೇ ಎಂದುಕೊಂಡು ನಾನೇ ಶುರುಮಾಡಿದೆ: ಗ್ರಂಥಾಲಯ ಬರಲಿ, ಪಕ್ಕದಲ್ಲಿ ಉದ್ಯಾನ. ಹೌದು ಸಾರ್, ಒಳ್ಳೆಯ ಯೋಚನೆ ಎಂದಳು ಭಾಗ್ಯ. ಮುಗಿಯಿತು. ಇನ್ನೂ ಸಮಯ ಉಳಿದಿತ್ತು, ಮಾತು ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿ ತುಂಬಿಸೋಣವೆಂದು ನಾನು ಮುಂದುವರಿಸಿದೆ: ಏನು ಬಂದರೂ ಲಾಭವೇ, ಖಾಲಿ ಜಾಗ ತಾನೇ, ಈಗ ಅಲ್ಲಿ ಏನೂ ಇಲ್ಲವಲ್ಲ.

ಭಾಗ್ಯ ಚಿತ್ರಗಳಿಂದ ಕಣ್ಣೆತ್ತಿದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಅದು ಈಗ ಕನ್ನಡದಲ್ಲೇ ನೆನಪಿದೆ.

"ನಾನು ಒಪ್ಪುವುದಿಲ್ಲ. ಊರಂಚಿನ ಜಾಗ ಯಾವುದೂ ಖಾಲಿ ಅಲ್ಲ. ಕೊಯ್ಲು ಮುಗಿದ ಮೇಲೆ ಬಂದು ನೋಡಿದವರಿಗೆ ಖಾಲಿ ಕಾಣುತ್ತದೆ, ಅಷ್ಟೆ."

ಸಾರ್ ಎನ್ನುವುದನ್ನು ಬಿಟ್ಟಿದ್ದಳು. ನಾನು ಕಲಿಸಿದ ವಾಕ್ಯಗಳು ಒಂದೂ ಅದರಲ್ಲಿ ಇರಲಿಲ್ಲ. ರಾಗಿ ಹೊಲದ ನಡುನಡುವೆ ಅವರೆಯ ಸಾಲು ಬಿಡುವುದು, ಸೊಗಡಿನ ಕಾಲಕ್ಕೆ ಊರಿಗೆ ಊರೇ ಆ ವಾಸನೆ ಹಿಡಿಯುವುದು, ಬುತ್ತಿ ಬಿಚ್ಚಲು ಒಂದು ಹುಣಸೆಮರ, ಮರದ ಕೆಳಗೆ ಎಲ್ಲರ ಚಪ್ಪಲಿ. ಅಳತೆಗೆ ಬಂದವರು ನಕ್ಷೆಯಲ್ಲಿ ಇದ್ಯಾವುದನ್ನೂ ಬರೆಯದೆ ಗೆರೆ ಎಳೆದುಕೊಂಡು ಹೋದರೆಂದಳು. ನೀವು ಪಾಠದಲ್ಲಿ ಹೇಳುತ್ತೀರಿ, ನಾವು ಬಂದಾಗ ಏನೂ ಇರಲಿಲ್ಲ ಎಂದು. ಮೂರು ವರ್ಷ ನಾನೂ ಎಲ್ಲರ ಜೊತೆ ಗಟ್ಟಿಯಾಗಿ ಹೇಳಿದೆ, ಹೇಳುವಾಗೆಲ್ಲ ಆ ಹುಣಸೆಮರ ಕಣ್ಣಿಗೆ ಕಟ್ಟುತ್ತಿತ್ತು ಎಂದಳು. ನಡುವೆ ಒಂದೆರಡು ಕಡೆ ತಡವರಿಸಿದಳು. ನಾನು ಪದ ಎತ್ತಿಕೊಡಲಿಲ್ಲ. ತೋಚಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ಮೇಜಿನ ಕೆಳಗೆ ಕಾಲು ನಿಂತುಹೋಗಿದೆ ಎಂದು.

ಸಮಯವಾಯಿತು ಎಂದರು ಪರೀಕ್ಷಕಿ. ನಾನು, ನಿನ್ನ ಮಾತು ಸರಿ, ಏನು ಕಟ್ಟುವುದಕ್ಕೂ ಮುಂಚೆ ಅಲ್ಲಿ ಏನಿತ್ತೆಂದು ಕೇಳಬೇಕು ಎಂದಷ್ಟು ಹೇಳಿದೆ. ಅದು ತೀರ್ಮಾನವೋ ಅಲ್ಲವೋ ತಿಳಿಯದು.

ಹೊರಗೆ ಬಂದಾಗ ಭಾಗ್ಯಳ ಮುಖ ಬಿಳುಚಿಕೊಂಡಿತ್ತು. ಗೇಟಿನ ಬಳಿ ಸೀರೆಯ ಸೆರಗು ಮುದುರುತ್ತಾ ನಿಂತಳು.

"ತಪ್ಪು ತಿಳ್ಕೋಬ್ಯಾಡಿ ಸಾರ್. ಎದುರುಮಾತು ಆಡ್ಬುಟ್ಟೆ."

"ಅದಕ್ಕೇನಮ್ಮ, ಪರೀಕ್ಷೆಗೋಸ್ಕರ ಆಡಿದ್ದು ತಾನೇ" ಎಂದೆ. ನನ್ನ ದನಿಯಲ್ಲಿ ಸಣ್ಣದೊಂದು ಆಸೆ ಇತ್ತು.

ಅವಳು ಹೌದು ಸಾರ್ ಎನ್ನಬಹುದಿತ್ತು. ಅಷ್ಟು ವರ್ಷದ ಅಭ್ಯಾಸವಿತ್ತು.

"ಇಲ್ಲ ಸಾರ್. ನಿಜವಾಗ್ಲೂ ಒಪ್ಪಲ್ಲ" ಎಂದಳು. ಸೆರಗು ಬಿಟ್ಟು ಮುಂದುವರಿಸಿದಳು: "ನಿಮ್ಮನೆ ಇರೋದು ನಮ್ಮ ದೊಡ್ಡಮ್ಮನ ಹೊಲದಲ್ಲಿ ಸಾರ್. ನಿಮ್ಮ ಅಡಿಗೆಮನೆ ಹತ್ರ ಬಾವಿ ಇತ್ತು. ಸೈಟ್ ಮಾಡುವಾಗ ಮುಚ್ಚಿದ್ರು."

ಸ್ಕೂಟರನ್ನು ಬೋಗಾದಿಯ ಕಡೆ ತಿರುಗಿಸಿದವನು ದಾರಿಯುದ್ದಕ್ಕೂ ಎರಡೂ ಬದಿ ನೋಡುತ್ತಾ ಬಂದೆ. ದಿನವೂ ನೋಡುವ ಮನೆಗಳು, ನೀರಿನ ಟ್ಯಾಂಕುಗಳು, ಬಾಡಿಗೆಗೆ ಇದೆ ಎಂಬ ಬೋರ್ಡುಗಳು. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ವಿಶಾಲಳಿಗೆ ಬಾವಿಯ ವಿಷಯ ಹೇಳಿದೆ. ನಾನು ಹೇಳಿರಲಿಲ್ಲವೇ ಎಂದು ಅವಳು ಕುಣಿಯುತ್ತಾಳೆಂದು ತಯಾರಾಗಿದ್ದೆ. ಅವಳು ಒಳಗೆ ಹೋಗಿ ಆ ಮೂಲೆಯಲ್ಲಿ ಇಟ್ಟಿದ್ದ ಕಸದ ಬುಟ್ಟಿಯನ್ನು ಎತ್ತಿ ಬೇರೆ ಕಡೆ ಇಟ್ಟಳು. ಸಂಜೆ ನೋಡಿದರೆ ಅಲ್ಲಿ ಒಂದು ತಂಬಿಗೆ ನೀರು, ಮೇಲೆ ಎರಡು ದಾಸವಾಳ. ಅವಳ ವಿತಂಡವನ್ನು ಅಂದೇ ನಾನು ವಾದದ ಪಂಕ್ತಿಗೆ ಬಡ್ತಿ ಕೊಟ್ಟು ಕೂರಿಸಿದೆ.

ಫಲಿತಾಂಶಕ್ಕೆ ಕಾದಷ್ಟು ದಿನವೂ ಕಾಲು ಹಳೇ ಲಯಕ್ಕೆ ಮರಳಿತ್ತು, ದುಪ್ಪಟ್ಟು ವೇಗದಲ್ಲಿ. ಕೊನೆಗೆ ಫಲಿತಾಂಶ ಬಂತು. ಭಾಗ್ಯ ಬಲು ಚೆನ್ನಾಗಿ ಪಾಸಾಗಿದ್ದಳು. ಅವಳಿಗೆ ಹೈಸ್ಕೂಲು ಸಿಕ್ಕಿತು. ನಾನೂ ಪಾಸಾಗಿದ್ದೆ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ. ವ್ಯಾಕರಣಕ್ಕೆ ಪರವಾಗಿಲ್ಲ, ಉಚ್ಚಾರಕ್ಕೆ ಪರವಾಗಿಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ಅಂಕ ಗಿಟ್ಟಿಸಿದ್ದು ಜೊತೆಗಾರರ ಮಾತಿಗೆ ಕಿವಿಗೊಡುವ ಭಾಗದಲ್ಲಿ. ನಾನು ಬಾಯಿ ಕಟ್ಟಿ ಕೂತದ್ದನ್ನು ಮೂಲೆಯವರು ಆಲಿಸುವ ಕಲೆ ಎಂದು ಬರೆದುಕೊಂಡಿದ್ದರು. ಅದನ್ನು ನಾನು ತಪ್ಪೆನ್ನಲಾರೆ. ಇಪ್ಪತ್ತು ಚಿಲ್ಲರೆ ವರ್ಷ ಪಾಠ ಹೇಳಿದವನು ವಿದ್ಯಾರ್ಥಿಯೊಬ್ಬಳ ಮಾತನ್ನು ಕೊನೆವರೆಗೆ ಕೇಳಿದ್ದು ಅದೇ ಮೊದಲು. ವೀರಭದ್ರಪ್ಪನವರು, ನನಗೆ ಗೊತ್ತಿತ್ತು ಬಿಡಿ ಮೇಷ್ಟ್ರೇ ಎಂದರು. ಹೊಸ ಪ್ರಮಾಣಪತ್ರಕ್ಕೂ ಕಟ್ಟು ಹಾಕಿಸೋಣವೇ ಎಂದು ಕೇಳಿದರು. ನೋಡೋಣ ಎಂದೆ.

ತರಗತಿ ನನ್ನದಾಗಿಯೇ ಉಳಿಯಿತು. ಭೂತಕಾಲದ ಪಾಠ ಬಂದಾಗ ಈಗಲೂ ಬೋರ್ಡಿನ ಮೇಲೆ ಅದೇ ವಾಕ್ಯ ಬರೆಯುತ್ತೇನೆ: ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ. ಆದರೆ ಹಾವಿನ ಕತೆ ಹೇಳುವುದಿಲ್ಲ, ಒಟ್ಟಾಗಿ ಹೇಳಿಸುವುದೂ ಇಲ್ಲ. ಬರೆದು, ಸೀಮೆಸುಣ್ಣ ಕೆಳಗಿಟ್ಟು, ತರಗತಿಯ ಕಡೆ ತಿರುಗಿ ಕಾಯುತ್ತೇನೆ. ಇದು ಸರಿಯೇ ಎಂದು ಕೇಳಿ ಇನ್ನೂ ಸ್ವಲ್ಪ ಕಾಯುತ್ತೇನೆ. ಬೋಗಾದಿಯವರು, ಹಿನಕಲ್ಲಿನವರು ಒಬ್ಬಿಬ್ಬರಾದರೂ ಪ್ರತಿ ತಂಡದಲ್ಲೂ ಇರುತ್ತಾರೆ. ಬೆಂಚುಗಳ ಮೇಲೆ ಒಂದು ಕ್ಷಣ ಏನೋ ಅಲುಗಿದಂತಾಗುತ್ತದೆ. ಆಮೇಲೆ ಎಲ್ಲರೂ ತಲೆ ತಗ್ಗಿಸಿ, ಹೌದು ಸಾರ್ ಎಂದು ಬರೆದುಕೊಳ್ಳುತ್ತಾರೆ. ನನ್ನ ಕಾಲು ಮತ್ತೆ ಶುರುವಾಗುತ್ತದೆ.